ಅಡುಗೆಮನೆಯ ಸುಧಾರಣೆ: ಮಳೆಗಾಲದಲ್ಲಿ ಯೋಚನೆ, ಬೇಸಿಗೆಯಲ್ಲಿ ಕೆಲಸ



ಕಾಫಿಗೆ ಒಳ್ಳೆಯ ಬೆಲೆ ಬಂದ ವರ್ಷ ನಮ್ಮ ಊರುಗಳಲ್ಲಿ ಮನೆಗಳಿಗೆ ಸುಣ್ಣಬಣ್ಣವಾಗುತ್ತದೆ. ಮುಂದಿನ ಜಗಲಿಗೆ ಹೊಸ ನೆಲ ಬರುತ್ತದೆ. ಹಿಂದಿನ ಅಡುಗೆಮನೆ ಮಾತ್ರ ಅನೇಕ ಕಡೆ ಅಜ್ಜನ ಕಾಲದಲ್ಲಿದ್ದಂತೆಯೇ ಉಳಿದಿದೆ. ಮನೆಯ ಹೆಂಗಸರು ದಿನದ ಬಹುಭಾಗವನ್ನು ಕಳೆಯುವುದು ಅಲ್ಲಿಯೇ ಎಂಬುದನ್ನು ನಾವು ಮರೆಯುತ್ತೇವೆ. ನಾಳೆ ಮನೆಯನ್ನು ಕೊಳ್ಳಲು ಬಂದವರಾಗಲಿ, ಮನೆಯಲ್ಲಿ ತಂಗಲು ಬಂದ ಅತಿಥಿಗಳಾಗಲಿ, ಜಗಲಿಯನ್ನು ಒಮ್ಮೆ ನೋಡಿ ಅಡುಗೆಮನೆ ಮತ್ತು ಬಚ್ಚಲನ್ನು ಎರಡು ಸಲ ನೋಡುತ್ತಾರೆ. ಗೋಡೆಯಲ್ಲಿ ತೇವವಿಲ್ಲದ, ಹೊಗೆ ನಿಲ್ಲದ, ನೀರು ಸರಾಗವಾಗಿ ಹರಿದುಹೋಗುವ ಅಡುಗೆಮನೆಯೇ ಮನೆಗೆ ನಿಜವಾದ ಬೆಲೆ ತರುತ್ತದೆ. ಹೊಳೆಯುವ ಕಲ್ಲು ಅನಂತರದ ಮಾತು.

ಹಾಗಾದರೆ ಈ ಕೆಲಸವನ್ನು ಯಾವ ಕ್ರಮದಲ್ಲಿ ಮಾಡಬೇಕು?

1. ಬರೆಯನ್ನು ಕಡಿಯಬೇಡಿರಿ

ಕೊಡಗಿನ ಎಷ್ಟೋ ಮನೆಗಳು ಇಳಿಜಾರನ್ನು ಸಮ ಮಾಡಿ ಕಟ್ಟಿದವು. ಅಡುಗೆಮನೆ ಹಿಂದುಗಡೆ, ಅದರ ಹಿಂದೆ ಬರೆ. ಜಾಗ ಸಾಲದೆಂದು ಬರೆಯನ್ನು ಇನ್ನು ನಾಲ್ಕು ಅಡಿ ಕಡಿದರಾಯಿತು ಎಂದು ಮೊದಲು ತೋಚುತ್ತದೆ. ಇದು ಎಲ್ಲಕ್ಕಿಂತ ಅಪಾಯದ ಯೋಚನೆ. 2018ರ ಆಗಸ್ಟ್ ತಿಂಗಳಲ್ಲಿ ಮಕ್ಕಂದೂರು, ಜೋಡುಪಾಲ, ಮುಕ್ಕೋಡ್ಲು ಮುಂತಾದ ಕಡೆ ಗುಡ್ಡ ಕುಸಿದುದನ್ನು ನಾವು ಕಂಡಿದ್ದೇವೆ. ಅತಿಯಾದ ಮಳೆಯೊಂದಿಗೆ, ಮನೆ ಮತ್ತು ರಸ್ತೆಗಾಗಿ ಇಳಿಜಾರನ್ನು ಕಡಿದದ್ದೂ ಅದಕ್ಕೆ ಕಾರಣವೆಂದು ಭೂವಿಜ್ಞಾನಿಗಳು ತಿಳಿಸಿದರು. ಬುಡವನ್ನು ಕಡಿದ ಬರೆಗೆ ಆಧಾರ ತಪ್ಪುತ್ತದೆ. ನೀರು ಕುಡಿದಾಗ ಅದು ಮನೆಯ ಮೇಲೆಯೇ ಬೀಳುತ್ತದೆ.

ಆದುದರಿಂದ ಜಾಗವನ್ನು ಒಳಗಡೆ ಹುಡುಕಿರಿ. ಪಕ್ಕದ ಉಗ್ರಾಣದ ಸಾಮಾನನ್ನು ಬೇರೆಡೆಗೆ ಸಾಗಿಸಿ ಆ ಕೋಣೆಯನ್ನು ಸೇರಿಸಿಕೊಳ್ಳಬಹುದು. ಆದರೆ ಹಳೆಯ ಮಣ್ಣಿನ ಗೋಡೆಯ ಮೇಲೆ ಮಾಡಿನ ಭಾರವಿರುತ್ತದೆ. ಅನುಭವಸ್ಥ ಮೇಸ್ತ್ರಿಗೆ ತೋರಿಸದೆ ಅದನ್ನು ಒಡೆಯಬಾರದು.

2. ಹೊಗೆಗೆ ದಾರಿ ಮಾಡಿರಿ

ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಾದ್ಯಂತ ಸುಮಾರು 32 ಲಕ್ಷ ಜನರು ಮರಣ ಹೊಂದಿದರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಕೆಮ್ಮು, ಉಬ್ಬಸ, ಕಣ್ಣುರಿಗಳನ್ನು "ಅಡುಗೆಮನೆಯಲ್ಲಿ ಇದೆಲ್ಲ ಇದ್ದದ್ದೇ" ಎಂದು ತಳ್ಳಿಹಾಕಬಾರದು.

2016ರಲ್ಲಿ ಉಜ್ವಲಾ ಯೋಜನೆ ಆರಂಭವಾದ ಮೇಲೆ ಗ್ಯಾಸ್ ಒಲೆ ಹಳ್ಳಿಗಳಿಗೂ ಹೆಚ್ಚಾಗಿ ಬಂದಿದೆ. ದಿನದ ಅಡುಗೆಗೆ ಅದೇ ಮೇಲು. ಆದರೂ ನಮ್ಮಲ್ಲಿ ಸೌದೆ ಒಲೆಯನ್ನು ಪೂರ್ತಿ ಬಿಡಲಾಗುವುದಿಲ್ಲ. ಸವರಿದ ಕಾಫಿ ರೆಂಬೆ, ಸಿಲ್ವರ್ ಓಕಿನ ಕೊಂಬೆ ತೋಟದಲ್ಲಿಯೇ ಸಿಗುತ್ತವೆ. ಸ್ನಾನದ ನೀರು ಕಾಯಬೇಕು, ಕಾಚಂಪುಳಿ ಕುದಿಯಬೇಕು, ಮಳೆಗೆ ರಸ್ತೆ ಮುಚ್ಚಿ ಸಿಲಿಂಡರ್ ಬಾರದ ದಿನ ಊಟವೂ ಆಗಬೇಕು. ಆದ್ದರಿಂದ ಸೌದೆ ಒಲೆ ಒಂದಿರಲಿ. ಆದರೆ ಅದಕ್ಕೆ ಹೊಗೆ ಕೊಳವೆ ಇರಲಿ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ಅಸ್ತ್ರ ಕೇಂದ್ರವು ರೂಪಿಸಿದ "ಅಸ್ತ್ರ ಒಲೆ"ಯನ್ನು ಹಿರಿಯರು ಬಲ್ಲರು. ಮುಚ್ಚಿದ ಒಲೆ, ಮೂರು ಪಾತ್ರೆಗೆ ಜಾಗ, ಕೆಳಗೆ ಗಾಳಿಯಾಡುವ ಜಾಲರಿ, ಕೊನೆಯಲ್ಲಿ ಹೊಗೆ ಕೊಳವೆ: ಇಷ್ಟೇ ಅದರ ಗುಟ್ಟು. ಬೆಂಕಿ ಪಾತ್ರೆಯ ತಳಕ್ಕೇ ತಾಗುವುದರಿಂದ ಸೌದೆ ಬಹಳ ಉಳಿಯುತ್ತದೆ. ಪಾತ್ರೆ ಒಲೆಯ ಬಾಯಿಗೆ ಸರಿಯಾಗಿ ಕೂರದಿದ್ದರೆ ಈ ಲಾಭ ದೊರೆಯದು.

ಕೊಳವೆಯು ಮಾಡಿನ ನೆತ್ತಿಗಿಂತ ಸುಮಾರು ಎರಡು ಅಡಿ ಮೇಲಿರಲಿ, ತಲೆಗೆ ಮಳೆ ತಡೆಯುವ ಟೋಪಿ ಇರಲಿ. ಮರದ ರೀಪು, ಜಂತಿಗಳಿಗೆ ತಾಗದಂತೆ ಸಾಕಷ್ಟು ಅಂತರ ಬಿಡಿಸಿರಿ. ಆಸ್ಬೆಸ್ಟಾಸ್ ಕೊಳವೆ ಬೇಡ; ಅದರ ಧೂಳು ಶ್ವಾಸಕೋಶಕ್ಕೆ ಕೇಡು. ತಿಂಗಳಿಗೊಮ್ಮೆ ಮಸಿ ತೆಗೆಯಬೇಕು.

ಇಲ್ಲಿ ಒಂದು ಎಚ್ಚರಿಕೆ. ಹಳೆಯ ಹೊಗೆ ಕೆಟ್ಟದ್ದಾದರೂ ಅಟ್ಟವನ್ನು ಒಣಗಿಸಿ ಹುಳುಹುಪ್ಪಟೆಗಳನ್ನು ದೂರವಿಡುತ್ತಿತ್ತು. ಹೊಗೆ ಹೊರಗೆ ಹೋದ ಮೇಲೆ ಅಟ್ಟಕ್ಕೆ ಗಾಳಿಕಿಂಡಿ ಬೇಕು. ಇಲ್ಲವಾದರೆ ಆಷಾಢದಲ್ಲಿ ಬೂಷ್ಟು ಹಿಡಿಯುತ್ತದೆ.

3. ನೀರು ಮತ್ತು ಬೆಳಕು

ಪಾತ್ರೆ ತೊಳೆದ ನೀರು ಗೋಡೆಯ ಬುಡದಲ್ಲಿ ನಿಲ್ಲಬಾರದು, ಬರೆಗೂ ಇಳಿಯಬಾರದು. ಕೊಳವೆಯಲ್ಲಿ ದೂರ ಸಾಗಿಸಿ ಬಾಳೆ, ಕೆಸುವಿನ ಬುಡಕ್ಕೆ ಬಿಡಿರಿ. ಮಾಡಿನಲ್ಲಿ ಎರಡು ಗಾಜಿನ ಹೆಂಚು ಹಾಕಿಸಿದರೆ ಹಗಲಿನಲ್ಲಿ ದೀಪ ಬೇಡ. ಮುಂಗಾರು ಗಾಳಿ ಬೀಸುವ ಪಡುವಣ ದಿಕ್ಕಿಗೆ ಕಿಟಕಿ ಇಡುವುದಾದರೆ ಸೂರು ಉದ್ದವಿರಲಿ. ಗ್ಯಾಸು ಗಾಳಿಗಿಂತ ಭಾರ. ಸೋರಿದರೆ ನೆಲದಲ್ಲಿ ನಿಲ್ಲುತ್ತದೆ. ಆದುದರಿಂದ ನೆಲಮಟ್ಟದಲ್ಲಿಯೂ ಒಂದು ಗಾಳಿಕಿಂಡಿ ಅಗತ್ಯ. ಸಿಲಿಂಡರನ್ನು ನೆಟ್ಟಗೆ ನಿಲ್ಲಿಸಿ, ಒಲೆಯನ್ನು ಅದಕ್ಕಿಂತ ಎತ್ತರದಲ್ಲಿಡಿರಿ.

4. ಅಡುಗೆ ಮಾಡುವವರನ್ನು ಕೇಳಿರಿ

ಕಟ್ಟೆಯ ಎತ್ತರವನ್ನು ಮೇಸ್ತ್ರಿ ಹೇಳಬಾರದು, ಅಡುಗೆ ಮಾಡುವವರು ಹೇಳಬೇಕು. ನಿಂತಾಗ ಮೊಣಕೈಗಿಂತ ನಾಲ್ಕು ಅಂಗುಲ ಕೆಳಗಿದ್ದರೆ ಸೊಂಟಕ್ಕೆ ಹಿತ. ನೀರು, ಹೆಚ್ಚುವ ಜಾಗ, ಒಲೆ ಈ ಮೂರೂ ಹತ್ತಿರವಿರಲಿ. ದಿನಕ್ಕೆ 30 ಸಲ 10 ಹೆಜ್ಜೆ ಹೆಚ್ಚಾದರೆ ವರ್ಷಕ್ಕೆ 1 ಲಕ್ಷ ಹೆಜ್ಜೆಗಿಂತ ಹೆಚ್ಚು ವ್ಯರ್ಥ. ಜಾಗವನ್ನು ಅಳೆಯುವಾಗ ಹುತ್ತರಿಯ ದಿನವನ್ನು ನೆನೆಯಿರಿ. ಅಂದು ಎಷ್ಟು ಜನ ಒಳಗೆ ಕೆಲಸ ಮಾಡುತ್ತಾರೋ ಅಷ್ಟು ಜನರಿಗೆ ತಿರುಗಾಡಲು ಎಡೆ ಬೇಕು.

5. ಖರ್ಚು ಮತ್ತು ಕಾಲ

ಕೂಡುಕುಟುಂಬದ ಐನ್‌ಮನೆಯಾದರೆ ಮೊದಲು ಪಟ್ಟೇದಾರರನ್ನೂ ದಾಯಾದಿಗಳನ್ನೂ ಕೇಳಿ ಒಪ್ಪಿಗೆ ಪಡೆಯಿರಿ. ಕಟ್ಟಡವನ್ನು ವಿಸ್ತರಿಸುವುದಿದ್ದರೆ ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಿರಿ. ಕಾಗದಪತ್ರ ಸರಿಯಿಲ್ಲದ ಕಟ್ಟಡಕ್ಕೆ ಬೆಲೆ ಬರುವುದಿಲ್ಲ. ಅಂದಾಜಿನ ಹತ್ತರಲ್ಲಿ ಒಂದು ಪಾಲನ್ನು ಬೇರೆಯಾಗಿ ತೆಗೆದಿಡಿರಿ. ಹಳೆಯ ಗೋಡೆ ಒಡೆದಾಗ ಗೆದ್ದಲು ಕಾಣುವುದು ಅಪರೂಪವಲ್ಲ. ಹಣ ಸಾಲದಿದ್ದರೆ ಮೊದಲ ವರ್ಷ ಮಾಡು, ಚರಂಡಿ, ಹೊಗೆ ಕೊಳವೆ. ಎರಡನೆಯ ವರ್ಷ ಕಟ್ಟೆ ಮತ್ತು ನೆಲ. ಕಪಾಟು, ಬಣ್ಣಗಳು ಕೊನೆಗೆ.

ಯೋಚನೆಗೆ ಮಳೆಗಾಲವೇ ಸರಿಯಾದ ಕಾಲ. ಎಲ್ಲಿ ಸೋರುತ್ತದೆ, ಎಲ್ಲಿ ಹೊಗೆ ನಿಲ್ಲುತ್ತದೆ ಎಂಬುದು ಆಗಲೇ ಕಾಣುವುದು. ಕೆಲಸವನ್ನು ಕಾಫಿ ಕೊಯ್ಲು ಮುಗಿದ ಬಳಿಕ, ಜೂನ್ ಮಳೆಗೆ ಮುಂಚೆ ಮುಗಿಸಿರಿ. ಸಿಮೆಂಟು ಕೆಲಸಕ್ಕೆ ಕನಿಷ್ಠ ಒಂದು ವಾರ ನೀರು ಹಾಕಬೇಕು. ಅಷ್ಟು ದಿನ ಅಡುಗೆ ಎಲ್ಲಿ ಎಂಬುದನ್ನೂ ಮೊದಲೇ ಗೊತ್ತುಮಾಡಿಕೊಳ್ಳಿರಿ.

ಈ ವಾರ ಮಾಡತಕ್ಕ ಪಾಠ

ಮನೆಯವರೆಲ್ಲ ಕೂಡಿ ಈ ನಾಲ್ಕು ಪ್ರಶ್ನೆಗಳಿಗೆ ಉತ್ತರ ಬರೆಯಿರಿ:

ಅ. ಅಡುಗೆಮನೆಗೂ ಹಿಂದಿನ ಬರೆಗೂ ಎಷ್ಟು ಅಡಿ ಅಂತರವಿದೆ?
ಆ. ಒಲೆ ಹಚ್ಚಿದ ಮೇಲೆ ಹೊಗೆ ಎಷ್ಟು ಹೊತ್ತು ಒಳಗೆ ನಿಲ್ಲುತ್ತದೆ?
ಇ. ತೊಳೆದ ನೀರು ಎಲ್ಲಿಗೆ ಹೋಗುತ್ತದೆ?
ಈ. ಅಡುಗೆ ಮಾಡುವವರು ಮೊದಲು ಬದಲಾಯಿಸಬೇಕೆನ್ನುವುದು ಯಾವುದನ್ನು?

"ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು" ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಉತ್ತರದ ಕಾಗದವನ್ನು ಕೈಯಲ್ಲಿ ಹಿಡಿದು ಮೇಸ್ತ್ರಿಯನ್ನು ಕರೆದರೆ ಅರ್ಧ ಕೆಲಸ ಮುಗಿದಂತೆಯೇ ಸರಿ.