ಪೈಪು ಒಡೆದವರು ಯಾರು, ಹೊಣೆ ಯಾರದು?

ಪಾಠದ ಉದ್ದೇಶ: ಮನೆಗೆ ಫೈಬರ್ ಇಂಟರ್‌ನೆಟ್ ಹಾಕಿಸುವಾಗ ಗೋಡೆ, ಅಂಗಳ, ನೀರಿನ ಪೈಪು ಹಾಳಾದರೆ ಹೊಣೆ ಯಾರದು, ನಾವು ಏನು ಮಾಡಬೇಕು ಎಂದು ತಿಳಿಯುವುದು.



ನಮ್ಮ ಒಂದು ಸಂಘದಲ್ಲಿ ನಡೆದ ಸಂಗತಿಯಿಂದ ಈ ಪಾಠವನ್ನು ಆರಂಭಿಸೋಣ. ಸದಸ್ಯೆಯೊಬ್ಬರು ಮಗಳ ಓದಿಗೆ ಅನುಕೂಲವಾಗಲಿ ಎಂದು ಫೈಬರ್ ಸಂಪರ್ಕಕ್ಕೆ ಹಣ ಕಟ್ಟಿದರು. ಎರಡು ದಿನ ಬಿಟ್ಟು ಇಬ್ಬರು ಹುಡುಗರು ಬಂದರು. ಗೇಟಿನಿಂದ ಗೋಡೆಯವರೆಗೆ ಅಂಗಳ ಅಗೆದು, ಅಡುಗೆ ಕೋಣೆಯ ಗೋಡೆಗೆ ತೂತು ಕೊರೆದು ಕೇಬಲ್ ಒಳಗೆ ತಂದರು. ಅಗೆಯುವಾಗ ಪಿಕ್ಕಾಸು ನೀರಿನ ಪೈಪಿಗೆ ತಾಗಿತು. "ಏನಾಗಿಲ್ಲ ಅಕ್ಕಾ, ಕಟ್ಟಿದ್ದೇವೆ. ಮೊಬೈಲಿಗೆ ಬಂದ ಒಟಿಪಿ ಹೇಳಿ" ಎಂದರು. ಅವರು ಹೇಳಿಬಿಟ್ಟರು. "ಕೆಲಸ ಸರಿಯಾಗಿ ಮುಗಿದಿದೆ" ಎಂಬ ಒಪ್ಪಿಗೆಯೇ ಆ ಒಟಿಪಿ ಎಂಬುದು ಅವರಿಗೆ ಗೊತ್ತಿರಲಿಲ್ಲ.

ಬೆಳಿಗ್ಗೆ ನೋಡಿದರೆ ಟ್ಯಾಂಕಿ ಖಾಲಿ, ಅಂಗಳವೆಲ್ಲ ಕೆಸರು. ಅಡುಗೆ ಕೋಣೆಯ ಎರಡು ಟೈಲ್ಸ್ ಕೂಡ ಬಿರುಕು ಬಿಟ್ಟಿದ್ದವು. ಪ್ಲಂಬರ್ 1,800 ರೂಪಾಯಿ ತೆಗೆದುಕೊಂಡ. ಕಂಪೆನಿಗೆ ಫೋನು ಮಾಡಿದರೆ "ಅದು ಗುತ್ತಿಗೆದಾರನ ಕೆಲಸ" ಎಂಬ ಉತ್ತರ. ಗುತ್ತಿಗೆದಾರನನ್ನು ಕೇಳಿದರೆ "ಆ ಹುಡುಗರು ಕೆಲಸ ಬಿಟ್ಟು ಹೋದರು" ಎಂದ. ಸದಸ್ಯೆ ಕೊನೆಗೆ ವಾರದ ಸಭೆಯಲ್ಲಿ ತುರ್ತು ಸಾಲ ಕೇಳಿದರು. ಆಗಲೇ ವಿಷಯ ಹೊರಗೆ ಬಂತು.

ಹೊಣೆ ಯಾರದು?

ನಾವು ಹಣ ಕಟ್ಟಿದ್ದು ಯಾರಿಗೆ? ರಶೀದಿಯಲ್ಲಿ ಯಾರ ಹೆಸರಿದೆ? ಹೊಣೆ ಹೊರಬೇಕಾದವರು ಅವರೇ. ಕಂಪೆನಿ ಕೆಲಸವನ್ನು ಗುತ್ತಿಗೆಗೆ ಕೊಡಬಹುದು, ಗುತ್ತಿಗೆದಾರ ಇನ್ನೊಬ್ಬನಿಗೆ ಕೊಡಬಹುದು. ಅದು ಅವರವರ ಒಳಗಿನ ವ್ಯವಹಾರ. ನಮ್ಮ ಮನೆಗೆ ಅವರನ್ನು ಕಳಿಸಿದ್ದು ಕಂಪೆನಿ. ದಿನಗೂಲಿಯ ಹುಡುಗನನ್ನು ಹಿಡಿದು ಜಗಳ ಮಾಡುವುದರಿಂದ ಪ್ರಯೋಜನವಿಲ್ಲ, ಅವನ ಕೂಲಿಯಿಂದ ಕಿತ್ತುಕೊಳ್ಳುವುದು ನ್ಯಾಯವೂ ಅಲ್ಲ. ಅವನೂ ನಮ್ಮಂತೆ ದುಡಿದು ತಿನ್ನುವವನು.

ಹಾನಿ ಮಾಡಿದವರು ತುಂಬಿಕೊಡಬೇಕು ಎಂಬ ಮಾತು ಹೊಸದಲ್ಲ. ತಂತಿ ಎಳೆಯುವವರು ಆದಷ್ಟು ಕಡಿಮೆ ಹಾನಿ ಮಾಡಬೇಕು, ಆದ ಹಾನಿಗೆ ಪೂರ್ಣ ಪರಿಹಾರ ಕೊಡಬೇಕು ಎಂದು 1885ರ ಟೆಲಿಗ್ರಾಫ್ ಕಾಯಿದೆಯಲ್ಲೇ ಬರೆದಿತ್ತು. ಈಗ 2023ರ ದೂರಸಂಪರ್ಕ ಕಾಯಿದೆ ಬಂದಿದೆ. ಖಾಸಗಿ ಜಾಗದಲ್ಲಿ ಕೇಬಲ್ ಹಾಕಲು ಜಾಗದ ಒಡೆಯರನ್ನು ಕೇಳಿ ಒಪ್ಪಂದ ಮಾಡಿಕೊಳ್ಳಬೇಕು ಎಂದು ಅದು ಹೇಳುತ್ತದೆ. ಒಡೆಯರು ಒಪ್ಪದಿದ್ದರೆ, ಸಾರ್ವಜನಿಕ ಹಿತಕ್ಕೆ ಅದು ಬೇಕೇ ಬೇಕು ಎಂದು ತೀರ್ಮಾನಿಸುವ ಅಧಿಕಾರ ಕೇಂದ್ರ ಸರಕಾರಕ್ಕಿದೆ, ಪಿಕ್ಕಾಸು ಹಿಡಿದು ಬಂದ ಗುತ್ತಿಗೆದಾರನಿಗಲ್ಲ. ಬಾಡಿಗೆ ಮನೆಯಲ್ಲಿರುವ ಸದಸ್ಯೆಯರು ಗೋಡೆ ಕೊರೆಸುವ ಮೊದಲು ಮನೆಯ ಮಾಲೀಕರನ್ನು ಕೇಳಲೇಬೇಕು.

ಕೆಲಸಕ್ಕೆ ಮೊದಲು

1. ಕೇಬಲ್ ಹೋಗುವ ದಾರಿಯನ್ನು ಅವರ ಜೊತೆ ನಡೆದು ನೋಡಿ. ನೀರಿನ ಪೈಪು, ಕರೆಂಟಿನ ವಯರು, ಗ್ಯಾಸಿನ ಪೈಪು, ಶೌಚಾಲಯದ ಗುಂಡಿ ಎಲ್ಲಿದೆ ಎಂದು ತೋರಿಸಿ. ನಮಗೆ ತಿಳಿದದ್ದನ್ನು ಹೇಳುವುದು ನಮ್ಮ ಕರ್ತವ್ಯ.

2. ಗೋಡೆ, ನೆಲ, ಅಂಗಳದ ಫೋಟೋ ತೆಗೆದಿಡಿ. ಮೊಬೈಲಿನಲ್ಲಿ ತಾರೀಕು ಸಮೇತ ಉಳಿಯುತ್ತದೆ.

3. ಸ್ವಿಚ್ ಬೋರ್ಡಿನ ನೇರ ಮೇಲೆ ಅಥವಾ ಕೆಳಗೆ ತೂತು ಕೊರೆಯಲು ಬಿಡಬೇಡಿ. ಗೋಡೆಯೊಳಗಿನ ವಯರು ಸಾಮಾನ್ಯವಾಗಿ ಅಲ್ಲೇ ಹಾದುಹೋಗುತ್ತದೆ.

4. ತೂತು ಹೊರಗಡೆಗೆ ಸ್ವಲ್ಪ ಇಳಿಜಾರಾಗಿರಲಿ. ಒಳಗಡೆಗೆ ಇಳಿಜಾರಾದರೆ ಮಳೆಗಾಲದಲ್ಲಿ ನೀರು ಕೇಬಲ್ ಹಿಡಿದು ಮನೆಯೊಳಗೆ ಬರುತ್ತದೆ. ಕೆಲಸ ಮುಗಿದ ಮೇಲೆ ತೂತಿನ ಸುತ್ತ ಮುಚ್ಚಿಸಿ.

ಒಟಿಪಿಗೆ ಮೊದಲು

ನಲ್ಲಿ ತಿರುಗಿಸಿ ನೋಡಿ, ಲೈಟು ಹಾಕಿ ನೋಡಿ, ಅಗೆದ ಜಾಗ ಮುಚ್ಚಿದ್ದಾರಾ ನೋಡಿ. ಕೇಬಲಿನೊಳಗೆ ಇರುವುದು ಕೂದಲಿನಷ್ಟು ತೆಳ್ಳಗಿನ ಗಾಜಿನ ಎಳೆ. ಹೆಚ್ಚು ಬಗ್ಗಿಸಿದರೆ ಬೆಳಕು ಸೋರಿ ನೆಟ್ಟು ನಿಧಾನವಾಗುತ್ತದೆ. ಕತ್ತರಿಸಿ ಬಿದ್ದ ಗಾಜಿನ ಚೂರುಗಳು ಕಣ್ಣಿಗೆ ಕಾಣುವುದೇ ಕಷ್ಟ. ಮಕ್ಕಳ ಕಾಲಿಗೆ ಚುಚ್ಚೀತು, ಅವರಿಂದಲೇ ಹೆಕ್ಕಿಸಿ. ಎಲ್ಲ ಸರಿ ಇದ್ದರೆ ಮಾತ್ರ ಒಟಿಪಿ ಹೇಳಿ. ಕಾಗದಕ್ಕೆ ಸಹಿ ಕೇಳಿದರೆ, ಹಾಳಾದದ್ದನ್ನು ಅದರಲ್ಲೇ ಬರೆದು ಆಮೇಲೆ ಸಹಿ ಹಾಕಿ.

ಹಾನಿಯಾದರೆ

ಅದೇ ದಿನ ಕಂಪೆನಿಗೆ ಫೋನು ಮಾಡಿ ದೂರಿನ ನಂಬರು ಬರೆದುಕೊಳ್ಳಿ. ಬಾಯಿಮಾತು ಸಾಲದು, ಪತ್ರ ಅಥವಾ ಇಮೇಲ್ ಕಳಿಸಿ. ರಿಪೇರಿ ಮಾಡಿಸಿದರೆ ಬಿಲ್ಲು ಕೇಳಿ ಪಡೆಯಿರಿ, ಒಡೆದ ತುಂಡನ್ನು ಬಿಸಾಡಬೇಡಿ.

ಕಂಪೆನಿ ಕಿವಿಗೊಡದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನು ಮಾಡಬಹುದು. ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ನಾವು ವಾಸವಿರುವ ಜಿಲ್ಲೆಯಲ್ಲೇ, ಎರಡು ವರ್ಷದೊಳಗೆ ದೂರು ಕೊಡಬಹುದು. ಸೇವೆಗೆ ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ದೂರಿಗೆ ಶುಲ್ಕವಿಲ್ಲ. ವಕೀಲರನ್ನು ಇಡಲೇಬೇಕೆಂದೂ ಇಲ್ಲ.

ಬೇರೆಯವರ ಮನೆಗೆ ಕೇಬಲ್ ಎಳೆಯುವಾಗ ನಮ್ಮ ಪಾಗಾರ ಬಿದ್ದರೆ? ಆಗ ನಾವು ಆ ಕಂಪೆನಿಯ ಗ್ರಾಹಕರಲ್ಲ. ಕಂಪೆನಿಗೂ, ರಸ್ತೆ ಬದಿ ಅಗೆಯುತ್ತಿದ್ದರೆ ಪಂಚಾಯತಿಗೂ ಲಿಖಿತ ದೂರು ಕೊಡಬೇಕು. ಮುಂದಿನ ದಾರಿ ತಿಳಿಯಲು ತಾಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯಂತೆ, ಆದಾಯ ಎಷ್ಟೇ ಇರಲಿ, ಹೆಂಗಸರಿಗೆ ಅಲ್ಲಿ ಉಚಿತ ಕಾನೂನು ನೆರವಿದೆ. ಸಹಾಯವಾಣಿ 15100.

ಹೊಣೆ ಎಂಬುದು ನಮಗೂ ಇದೆ. ಮಲ್ಲಿಗೆ ಗಿಡಕ್ಕೆ ಗುಂಡಿ ತೋಡುವಾಗ ನಮ್ಮ ಹಾರೆ ತಾಗಿ ಕೇಬಲ್ ತುಂಡಾದರೆ, ಮುಚ್ಚಿಟ್ಟು ಸುಮ್ಮನಿರದೆ ಕಂಪೆನಿಗೆ ತಿಳಿಸಬೇಕು. ಕರೆಂಟಿನ ವಯರಿನಂತೆ ಇದನ್ನು ತಿರುಚಿ ಜೋಡಿಸಲು ಬರುವುದಿಲ್ಲ, ಮೆಷಿನ್ ತಂದು ಬೆಸೆಯಬೇಕು. ತುಂಡಾದ ತುದಿಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಲೇಬೇಡಿ. ಅದರಲ್ಲಿ ಹರಿಯುವ ಬೆಳಕು ನಮಗೆ ಕಾಣುವುದಿಲ್ಲ, ಆದರೆ ಕಣ್ಣಿಗೆ ಅಪಾಯ ಮಾಡಬಹುದು.

ಆ ಸದಸ್ಯೆಗೆ ಏನಾಯಿತು? ಸಾಲ ಕೊಡುವ ಮೊದಲು ಸಂಘದವರೇ ಕೂತು ಕಂಪೆನಿಗೆ ಪತ್ರ ಬರೆಸಿದರು. ಪ್ಲಂಬರ್ ತನ್ನ ಬಿಲ್ಲಿನಲ್ಲಿ "ಪಿಕ್ಕಾಸಿನ ಏಟಿನಿಂದ ಪೈಪು ಒಡೆದಿದೆ" ಎಂದು ಬರೆದುಕೊಟ್ಟಿದ್ದ. ಒಡೆದ ತುಂಡೂ ಮನೆಯಲ್ಲಿತ್ತು. ಇಪ್ಪತ್ತು ದಿನಗಳ ಮೇಲೆ 1,800 ರೂಪಾಯಿ ಬಂತು. ಟೈಲ್ಸಿನ ಹಣ ಬರಲಿಲ್ಲ. "ಮೊದಲೇ ಬಿರುಕು ಇತ್ತೋ ಏನೋ" ಎಂದು ಅವರು ಕೇಳಿದಾಗ ತೋರಿಸಲು ಇವರ ಹತ್ತಿರ ಹಳೆಯ ಫೋಟೋ ಇರಲಿಲ್ಲ. "ಒಂದು ಫೋಟೋ ತೆಗೆಯಲು ನನಗೆ ಎಷ್ಟು ಹೊತ್ತು ಬೇಕಿತ್ತು?" ಎಂದು ಅವರು ಸಭೆಯಲ್ಲಿ ಹೇಳಿದ ಮಾತನ್ನು ನಾವೆಲ್ಲರೂ ನೆನಪಿಡೋಣ.

ಸಭೆಯಲ್ಲಿ ಚರ್ಚಿಸಿ

1. ನಮ್ಮ ಮನೆಯ ನೀರಿನ ಪೈಪು ಎಲ್ಲಿ ಹಾದುಹೋಗಿದೆ ಎಂದು ನಮಗೆ ಗೊತ್ತಿದೆಯೇ?

2. ಓದಿ ನೋಡದೆ ನಾವು ಎಲ್ಲೆಲ್ಲಿ ಸಹಿ ಹಾಕಿದ್ದೇವೆ, ಒಟಿಪಿ ಹೇಳಿದ್ದೇವೆ?

3. ದೂರು ಬರೆಯಲು ಬಾರದ ಸದಸ್ಯೆಗೆ ನಮ್ಮ ಸಂಘದಲ್ಲಿ ಯಾರು ನೆರವಾಗುತ್ತಾರೆ? ಅವರ ಹೆಸರನ್ನು ಇಂದೇ ನಿರ್ಣಯ ಪುಸ್ತಕದಲ್ಲಿ ಬರೆಯಿರಿ.