ಶೈಲೇನ್ ಮನ್ನಾ: ಒಬ್ಬ ‘ಬ್ಯಾಕ್’ ಆಟಗಾರರ ಬಾಳು

ಫುಟ್‌ಬಾಲ್ ಪಂದ್ಯ ಮುಗಿದೊಡನೆ ಗೋಲು ಹೊಡೆದವನನ್ನು ಹೆಗಲ ಮೇಲೆ ಹೊರುತ್ತೇವೆ. ಗೋಲಾಗದಂತೆ ತಡೆದವನನ್ನು ಮರೆಯುತ್ತೇವೆ. ಹಾಗೆ ತಡೆಯುತ್ತಲೇ ಹೆಸರಾದ ಒಬ್ಬರ ಬಾಳನ್ನು ಇಲ್ಲಿ ಪರಿಶೀಲಿಸಬಯಸುತ್ತೇನೆ.

ಬಂಗಾಳದ ಶೈಲೇನ್ ಮನ್ನಾ ಜನಿಸಿದ್ದು 1924ರಲ್ಲಿ. 1942ರಲ್ಲಿ ಕಲ್ಕತ್ತೆಯ ಮೋಹನ್ ಬಾಗಾನ್ ಸೇರಿದವರು 1960ರವರೆಗೂ ಆ ಸಂಘವನ್ನು ಬಿಡಲಿಲ್ಲ. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಿನಲ್ಲೇ ಫ್ರಾನ್ಸನ್ನು ಎದುರಿಸಿದರು. ಬೆಂಗಳೂರಿನ ರಾಮನ್ ಒಂದು ಗೋಲು ಹೊಡೆದರು. ಆದರೆ ದೊರೆತ ಎರಡು ಪೆನಾಲ್ಟಿಗಳೂ ವ್ಯರ್ಥವಾದವು. ಅವುಗಳಲ್ಲಿ ಒಂದನ್ನು ಒದ್ದವರು ಮನ್ನಾ. ಭಾರತ 2-1ರಿಂದ ಸೋತಿತು.

ಆದರೂ 1951ರ ದೆಹಲಿ ಏಷ್ಯನ್ ಕ್ರೀಡಾಕೂಟಕ್ಕೆ ಅವರೇ ನಾಯಕರಾದರು. ಅಂತಿಮ ಪಂದ್ಯದಲ್ಲಿ ಇರಾನಿಗೆ ಒಂದು ಗೋಲನ್ನೂ ಬಿಟ್ಟುಕೊಡದೆ, ಮೇವಾಲಾಲರ ಒಂದೇ ಗೋಲಿನಿಂದ ಭಾರತ ಚಿನ್ನ ಗೆದ್ದಿತು. ಮರುವರ್ಷ ಹೆಲ್ಸಿಂಕಿಯಲ್ಲಿ ಅದೇ ನಾಯಕರ ತಂಡ ಯುಗೋಸ್ಲಾವಿಯಕ್ಕೆ 10-1ರಿಂದ ಸೋತಿತು. ಏಳುಬೀಳು ಎಂದರೆ ಇದೇ ಅಲ್ಲವೆ?

ಅಂದು ನಮ್ಮಲ್ಲಿ ಆಟವು ಹೊಟ್ಟೆ ಹೊರೆಯುವ ವೃತ್ತಿಯಾಗಿರಲಿಲ್ಲ. ಮನ್ನಾ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಯಲ್ಲಿ ನೌಕರಿ ಮಾಡಿದರು. 1971ರಲ್ಲಿ ಪದ್ಮಶ್ರೀ ಬಂದಿತು. 2012ರಲ್ಲಿ ಅವರು ತೀರಿಕೊಂಡರು.

ಆಟವೋ ಓದೋ ಎಂದು ತೊಳಲುವ ನಾವು ಗಮನಿಸಬೇಕಾದುದು ಇಷ್ಟು: ದೇಶಕ್ಕೆ ಚಿನ್ನ ತಂದ ನಾಯಕರಿಗೂ ಅನ್ನಕ್ಕೆ ಬೇರೊಂದು ಕೆಲಸ ಬೇಕಾಯಿತು. ಅದು ಅವರ ಕೊರತೆಯಲ್ಲ, ಅಂದಿನ ವ್ಯವಸ್ಥೆಯದು. ಕೈತಪ್ಪಿದ ಒಂದು ಪೆನಾಲ್ಟಿಯಿಂದ ಆಟಗಾರನನ್ನು ಅಳೆಯಬಾರದು. ಹತ್ತೊಂಬತ್ತು ವರ್ಷ ಅಲುಗದೆ ನಿಂತ ನಿಷ್ಠೆಯಿಂದ ಅಳೆಯಬೇಕೆಂಬುದೇ ನನ್ನ ಅಭಿಪ್ರಾಯ.