ಹೇಂಟೆಗಳ ಗೂಡಿಗೆ ಬಾಯ್ಲರ್ ಬಿಡಬೇಡಿ
ಮೊಟ್ಟೆಗೆಂದು ಹಿತ್ತಲಲ್ಲಿ ನಾಲ್ಕಾರು ಹೇಂಟೆ ಸಾಕಿದವರು ಮಾಂಸಕ್ಕೂ ಇರಲಿ ಎಂದು ಬಾಯ್ಲರ್ ಮರಿ ತಂದು ಅದೇ ಗೂಡಿಗೆ ಬಿಡುವುದುಂಟು. ಹಾಗೆ ಮಾಡಬೇಡಿ. ತೊಡಕಿರುವುದು ಆಹಾರದಲ್ಲಿ. ಚಿಪ್ಪು ಗಟ್ಟಿಯಾಗಲೆಂದು ಹೇಂಟೆಯ ಆಹಾರದಲ್ಲಿ ಶೇ. 3.5ರಿಂದ 4ರಷ್ಟು ಕ್ಯಾಲ್ಸಿಯಂ ಇರುತ್ತದೆ. ಬೆಳೆಯುವ ಮರಿಗೆ ಶೇ. 1 ಸಾಕು, ಹೆಚ್ಚಾದರೆ ಮೂತ್ರಪಿಂಡಕ್ಕೆ ಪೆಟ್ಟು. ಮರಿಯ ಆಹಾರವನ್ನೇ ಎಲ್ಲಕ್ಕೂ ಹಾಕಿದರೆ, ಬೆರಳೊತ್ತಿದರೆ ತಗ್ಗುವ ಮೆತ್ತನೆ ಮೊಟ್ಟೆ ಸಿಗುತ್ತದೆ. ಕಪ್ಪೆಚಿಪ್ಪಿನ ಪುಡಿಯನ್ನು ಬೇರೆ ಬಟ್ಟಲಲ್ಲಿಟ್ಟರಾಯಿತಲ್ಲ ಎನ್ನಬಹುದು. ಆದೀತು, ಆದರೆ ಶೇ. 20 ಮೀರಿ ಪ್ರೋಟೀನ್ ಇರುವ ದುಬಾರಿ ಆಹಾರ ಹೇಂಟೆಗೆ ದಂಡ. ಎರಡು ಗೂಡಿನ ಖರ್ಚೇ? ಬಾಯ್ಲರ್ ಸುಮಾರು ಆರು ವಾರಕ್ಕೆ ಎರಡು ಕೆ.ಜಿ. ತೂಗುತ್ತದೆ, ಅಷ್ಟು ದಿನಕ್ಕೆ ಬಿದಿರಿನ ತಡಿಕೆ ಸಾಕು. ಅದೂ ತಾಪತ್ರಯವೆನ್ನುವವರು ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ರೂಪಿಸಿದ ಗಿರಿರಾಜ ತಳಿಯ ಕೋಳಿ ಸಾಕಲಿ. ಒಟ್ಟಿಗೇ ಬೆಳೆಸಿ, ಹೇಂಟೆಗಳು ಮೊಟ್ಟೆಗೆ ಬರುವ ಮೊದಲೇ ಹುಂಜಗಳನ್ನು ಮಾಂಸಕ್ಕೆ ತೆಗೆಯಬಹುದು. ಬಾಯ್ಲರ್‌ನಷ್ಟು ಬೇಗ ಬೆಳೆಯುವುದಿಲ್ಲ, ಅಷ್ಟೇ.